ಮೌನಿಗೆ ಬರುತ್ತಿದ್ದ ಪ್ರಾರ್ಥನೆ

ಗಾರ್ಮೆಂಟ್ಸ್‌ನಲ್ಲಿ ಎಲ್ಲರೂ ಅವಳನ್ನು ಕಾಲರಕ್ಕ ಎನ್ನುತ್ತಿದ್ದರು. ಹದಿನಾಲ್ಕು ವರ್ಷದಿಂದ ಅಂಗಿಯ ಕಾಲರನ್ನಲ್ಲದೆ ಬೇರೇನನ್ನೂ ಹೊಲಿದವಳಲ್ಲ. ಅವಳ ಅಣ್ಣ ಅದೇ ಶೆಡ್ಡಿನಲ್ಲಿ ಮೆಷಿನ್ ರಿಪೇರಿ ಮಾಡುತ್ತಿದ್ದ. ಹುಟ್ಟುಕಿವುಡ, ಹೆಸರು ಮೌನಿ ಎಂದೇ ಬಿದ್ದುಹೋಗಿತ್ತು. ಕೆಟ್ಟ ಮೆಷಿನ್ನಿನ ಮೇಲೆ ಅಂಗೈಯೂರಿ, ಪೆಡಲ್ ತುಳಿಸಿ, ಅದರ ನಡುಕದಿಂದಲೇ ತೊಂದರೆ ಶಟಲ್‌ನಲ್ಲೋ ಬೆಲ್ಟಿನಲ್ಲೋ ಎಂದು ಹಿಡಿದುಬಿಡುತ್ತಿದ್ದ. ಸೂಪರ್‌ವೈಸರನ ಬೈಗುಳ ಕೇಳಿಸದ ಪುಣ್ಯವಂತ ಇವನೊಬ್ಬನೇ ಎಂದು ಹೆಂಗಸರು ನಗುತ್ತಿದ್ದರು.

ಆ ದೇಶದಲ್ಲಿ ದೇವರು ಒಬ್ಬನೇ, ಪ್ರಾರ್ಥನೆಯೂ ಒಂದೇ. ಬೆಳಗ್ಗೆ ಹೇಳುವವರು ಮುಂಜಾನೆಯವರು, ಸಂಜೆ ಹೇಳುವವರು ಮುಸ್ಸಂಜೆಯವರು. ಕೊನೆಯ ಸಾಲಿನಲ್ಲಿ ಅವರು ‘ಬೆಳಕು ಕೊಡು’ ಎಂದರೆ ಇವರು ‘ಬೆಳಕು ಉಳಿಸು’ ಎನ್ನುತ್ತಿದ್ದರು. ಇಷ್ಟಕ್ಕೇ ಯಾರೂ ಯಾರ ತಲೆಯನ್ನೂ ಒಡೆಯುತ್ತಿರಲಿಲ್ಲ. ಆದರೆ ಕಚೇರಿ, ಕೋರ್ಟು, ಕಾರ್ಖಾನೆಗಳೆಲ್ಲ ಮುಂಜಾನೆಯವರ ಕೈಯಲ್ಲಿದ್ದವು. ಹೊಲಿಯುವುದು, ಹೊರುವುದು, ಗುಡಿಸುವುದು ಮುಸ್ಸಂಜೆಯವರ ಪಾಲಿಗೆ ಬಂದಿತ್ತು. ತಲೆಮಾರುಗಳ ಹೊಟ್ಟೆಯುರಿಗೆ ಆ ಒಂದು ಪದ ನೆಪವಾಗಿ ಯುದ್ಧ ಹೊತ್ತಿಕೊಂಡಿತು. ಯುದ್ಧದ ಎರಡನೇ ವರ್ಷ ಊರು ಮುಸ್ಸಂಜೆಯವರ ಪಡೆಗೆ ಸಿಕ್ಕಿತು. ಮಾಲೀಕ ಓಡಿಹೋದ. ಶೆಡ್ಡಿನಲ್ಲಿ ಅಂಗಿಯ ಬದಲು ಪಡೆಯ ಸಮವಸ್ತ್ರ ಹೊಲಿಯತೊಡಗಿದರು. ನಾವೂ ಮುಸ್ಸಂಜೆಯವರೇ, ಇನ್ನು ನಮಗೇನು ಭಯ ಎಂದು ಕಾಲರಕ್ಕನ ತಾಯಿ ನೆಮ್ಮದಿಯ ಉಸಿರು ಬಿಟ್ಟಳು.

ಸೇತುವೆಯ ಬಳಿ ಪಡೆಯವರು ತಡೆಗಂಬ ಹಾಕಿದ ಮಾರನೆಯ ಬೆಳಗ್ಗೆ ಅಣ್ಣ ತಂಗಿ ಎಂದಿನಂತೆ ಕೆಲಸಕ್ಕೆ ಹೊರಟಿದ್ದರು. ಅಲ್ಲಿನ ಮುಂದಾಳು ಮೊದಲು ಅವರ ಬಸ್ಸಿನ ಕಂಡಕ್ಟರ್ ಆಗಿದ್ದವನು, ವರ್ಷಗಟ್ಟಲೆ ಮೌನಿಯ ಬೆನ್ನು ತಟ್ಟಿ ಸೀಟು ತೋರಿಸಿದವನು. ಈಗ ಹೆಗಲಲ್ಲಿ ಬಂದೂಕು. ದಾಟುವವರೆಲ್ಲ ಪ್ರಾರ್ಥನೆ ಹೇಳಿ ದಾಟಬೇಕಿತ್ತು. ಕಾಲರಕ್ಕ ಹೇಳಿದಳು. ಅಣ್ಣನಿಗೆ ಕಿವಿ ಕೇಳುವುದಿಲ್ಲ, ಮಾತೂ ಬರುವುದಿಲ್ಲ ಎಂದಳು. ಇದೇ ನಾಟಕವನ್ನು ಬೆಳಗ್ಗೆಯಿಂದ ನಾಲ್ಕು ಜನ ಆಡಿದ್ದಾರೆ ಎಂದು ಕಾವಲಿನವನೊಬ್ಬ ಮೂಗು ಮುರಿದ. ಮೌನಿಯ ಎದುರು ನಿಂತು ಕೈಮುಗಿದು ತೋರಿಸಿದ.

ಮೌನಿಗೆ ಅರ್ಥವಾಯಿತು. ಮುಖ ಅರಳಿತು. ಬಾಯಿಬಿಟ್ಟು ಹೇಳಲು ಅವನಿಗೆ ಬರುತ್ತಿದ್ದದ್ದು ಅದೊಂದೇ. ಚಿಕ್ಕವನಿದ್ದಾಗ ಕಿವುಡು ಮಕ್ಕಳ ಶಾಲೆಯ ಮೇಷ್ಟ್ರು ಅವನ ಕೈಯನ್ನು ತಮ್ಮ ಗಂಟಲ ಮೇಲಿಟ್ಟುಕೊಂಡು, ಒಂದೊಂದೇ ಸದ್ದು ತಿದ್ದಿ, ಆರು ವರ್ಷ ಹೆಣಗಿ ಆ ಎಂಟು ಸಾಲು ಕಲಿಸಿದ್ದರು. ಮೇಷ್ಟ್ರು ಮುಂಜಾನೆಯವರು. ತಮಗೆ ಬಂದಂತೆ ಕಲಿಸಿದ್ದರು. ಅವನು ಪೂರ್ತಿ ಹೇಳಿ ಮುಗಿಸಿದ ದಿನ ಅಮ್ಮ ಅವರ ಕೈಹಿಡಿದು ಅತ್ತಿದ್ದಳು. ಕೊನೆಯ ಪದದ ಕಡೆ ಯಾರ ಗಮನವೂ ಹೋಗಿರಲಿಲ್ಲ.

ಕಾಲರಕ್ಕ ತೋಳು ಹಿಡಿದು ಜಗ್ಗುವಷ್ಟರಲ್ಲಿ ಅವನು ಶುರುಮಾಡಿಬಿಟ್ಟಿದ್ದ. ಒಡಕು ದನಿ, ಆದರೆ ಒಂದಕ್ಷರವೂ ತಪ್ಪಲಿಲ್ಲ. ‘ಬೆಳಕು ಕೊಡು’ ಎಂದು ಮುಗಿಸಿ, ಶಹಭಾಸ್‌ಗಿರಿಗೆ ಕಾಯುವವನಂತೆ ಎಲ್ಲರ ಮುಖ ನೋಡಿದ.

“ಮಾತು ಬರಲ್ಲ ಅಂದ್ರಲ್ಲ” ಎಂದ ಕಾವಲಿನವನು.

ಅವಳು ಶಾಲೆ, ಮೇಷ್ಟ್ರು, ಗಂಟಲು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಹೇಳಿದಷ್ಟೂ ಕಟ್ಟುಕತೆಯಂತೆ ಅವಳಿಗೇ ಕೇಳಿಸಿತು. ಕಂಡಕ್ಟರನ ಕಡೆ ತಿರುಗಿ ನಿಮಗೆ ಗೊತ್ತಲ್ಲಣ್ಣ ಎಂದು ಬೇಡಿಕೊಂಡಳು.

ಅವನು ನೆಲ ನೋಡಿದ. “ನಂಗೊತ್ತು ಅಕ್ಕ. ಇವರಿಗೆ ಗೊತ್ತಿಲ್ವಲ್ಲ. ಈಗ ಬಿಟ್ಟುಬಿಟ್ರೆ ನಾನೂ ಅವರ ಪೈಕಿನೇ ಅಂತಾರೆ. ನೀವು ಕೆಲಸಕ್ಕೆ ಹೋಗಿ. ವಿಚಾರಿಸಿ ಕಳಿಸ್ತೀವಿ.”

ಮೌನಿಯನ್ನು ಸೇತುವೆಯ ಟೋಲ್ ಗೇಟಿನ ಹಿಂದಿನ ಕೋಣೆಗೆ ಕರೆದೊಯ್ದರು. ಹೋಗುತ್ತ ಹೋಗುತ್ತ ಅವನು ತಂಗಿಗೆ ಸನ್ನೆ ಮಾಡಿದ: ಏಳನೇ ಮೆಷಿನ್ನಿನ ಬೆಲ್ಟ್ ಸಡಿಲವಾಗಿದೆ, ನಾನು ಬರುವತನಕ ಯಾರೂ ಮುಟ್ಟಬೇಡಿ.

ಸಂಜೆ ಆ ಕೋಣೆ ಖಾಲಿಯಿತ್ತು. ಪಡೆಯ ಶಿಬಿರಕ್ಕೆ ಕಳಿಸಿದ್ದೇವೆ ಎಂದರು. ಶಿಬಿರದಲ್ಲಿ ಅಂಥವನು ಬಂದೇ ಇಲ್ಲ ಎಂದರು. ನಾಲ್ಕನೇ ದಿನ ಕಂಡಕ್ಟರನೇ ಪಕ್ಕಕ್ಕೆ ಕರೆದು, “ಇನ್ನು ಕೇಳ್ಕೊಂಡು ಬರಬೇಡಿ ಅಕ್ಕ” ಎಂದ. ಹೆಣವನ್ನಾದರೂ ಕೊಡಿ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಕೇಳಿದರೆ ತಾನೇ ಅವನನ್ನು ಸಾಯಿಸಿದಂತೆ ಎಂದು ನುಂಗಿಕೊಂಡಳು.

ಮನೆಯಲ್ಲಿ ಅಮ್ಮ ಎರಡು ದಿನ ಪಡೆಯವರಿಗೆ ಹಿಡಿಶಾಪ ಹಾಕಿದಳು. ಗೋಡೆಗೂ ಕಿವಿಯಿರುವ ಕಾಲ, ಮೆಲ್ಲಗೆ ಎಂದು ನೆರೆಯವರು ಹೇಳಿಹೋದರು. ಮೂರನೇ ದಿನ ಶಾಪ ದಾರಿ ಬದಲಿಸಿತು.

“ಆ ಮೇಷ್ಟ್ರು ಬೇಕಂತಲೇ ಹಾಗೆ ಕಲಿಸಿದ್ದು. ಮುಂದೊಂದು ದಿನ ನನ್ನ ಮಗ ಸಿಕ್ಕಿಬೀಳಲಿ ಅಂತ.”

ಹಾಗಲ್ಲಮ್ಮ ಎಂದಳು ಕಾಲರಕ್ಕ. ಜ್ವರ ಬಂದಾಗ ಅಣ್ಣನನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದು ಬಿಟ್ಟವರು ಆ ಮೇಷ್ಟ್ರು. ಅವಳ ಕಣ್ಣಿಗೆ ಅದಿನ್ನೂ ಕಟ್ಟಿದಂತಿತ್ತು. ಅಮ್ಮ ಮರುದಿನವೂ ಅದನ್ನೇ ಹೇಳಿದಳು, ಅದರ ಮರುದಿನವೂ. ಬಂದ ನೆಂಟರೆಲ್ಲ ‘ಹಾಗೇ ಇದ್ದರೂ ಇದ್ದೀತು’ ಎಂದು ತಲೆಯಾಡಿಸಿದರು. ಸೇತುವೆಯವರ ಮೇಲೆ ಸಿಟ್ಟಿಟ್ಟುಕೊಳ್ಳುವಂತಿರಲಿಲ್ಲ, ದಿನಕ್ಕೆರಡು ಸಲ ಅವರ ಮುಂದೆಯೇ ಹಾಯಬೇಕು. ಮೇಷ್ಟ್ರು ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ, ಯಾರಿಗೂ ಗೊತ್ತಿರಲಿಲ್ಲ.

ವಾರ ಕಳೆದು ಅಮ್ಮ ಮತ್ತೆ ಆ ಮಾತೆತ್ತಿದಾಗ ಅವಳು, “ಹೌದಮ್ಮ, ಬೇಕಂತಲೇ” ಎಂದಳು. ಎದೆ ತುಸು ಹಗುರಾಯಿತು. ಆ ಹಗುರಕ್ಕೆ ಅವಳಿಗೇ ಭಯವಾಯಿತು. ಆದರೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.