ಇಳಿದೆ ಅನ್ನುವ ಮೊದಲು

ನಗರಸಭೆಯ ಬೀದಿದೀಪ ವಿಭಾಗದಲ್ಲಿ ನಿವೃತ್ತರಾದವರ ಜಾಗಕ್ಕೆ ಒಬ್ಬರೂ ಬಂದಿರಲಿಲ್ಲ. ಉಳಿದವರು ಇಬ್ಬರೇ: ಉದ್ದ ಕಾಲಿನಿಂದಾಗಿ ಎಲ್ಲರ ಬಾಯಲ್ಲಿ ‘ಕೊಕ್ಕರೆ’ಯಾಗಿದ್ದ ಲೈನ್‌ಮನ್, ಮತ್ತು ಅವನ ಅಕ್ಕನ ಗಂಡ. ತಮ್ಮ ಪಾಳಿ ಮುಗಿಸಿ ಓಟಿ ಎಂಬ ಹೆಚ್ಚುವರಿ ಸಂಬಳಕ್ಕೆ ಖಾಲಿ ಪಾಳಿಯನ್ನೂ ಅವರೇ ಎಳೆಯುತ್ತಿದ್ದರು.

“ಓಟಿ ಕೊಟ್ರೆ ಮುಗೀತು. ಹೊಸಬರನ್ನ ತಗೊಂಡ್ರೆ ಪಿಂಚಣಿವರೆಗೂ ಸಾಕ್ಬೇಕು,” ಎಂದು ಎಂಜಿನಿಯರ್ ಒಂದು ಕಾಗದ ಕೊಟ್ಟರು. ‘ಇರುವವರೇ ಸಾಕು’ ಎಂದಿತ್ತು. ಸಾಲದಿದ್ದರೆ ಎಷ್ಟು ಜನ ಬೇಕು, ಯಾಕೆ ಬೇಕು ಎಂದು ಕೆಳಗೆ ಬರೆಯಬೇಕು. ವಿಭಾಗದ ಪರವಾಗಿ ಸಹಿ ಕೊಕ್ಕರೆಯದು.

“ಕಣ್ಮುಚ್ಚಿ ಸಹಿ ಹಾಕೋ,” ಎಂದ ಭಾವ. “ಕಟ್ಟಿಸ್ತಿರೋ ಮನೆ ಗೋಡೆ ಎದ್ದಿದೆ. ಓಟಿ ನಿಂತ್ರೆ ಆಕಾಶಾನೇ ಚಾವಣಿ.”

“ನೀವು ಕಣ್ಮುಚ್ಚಬೇಡಿ ಭಾವ. ನಿಂತಲ್ಲೇ ತೂಗ್ತಿದೀರ.”

“ಕುದುರೆ ನಿಂತೇ ನಿದ್ದೆ ಮಾಡುತ್ತೆ. ಬಿದ್ದಿದ್ದು ನೋಡಿದೀಯಾ?”

ಅವರದೊಂದು ಕಟ್ಟಳೆಯಿತ್ತು. ಕಂಬದ ಬುಡದ ಪೆಟ್ಟಿಗೆಯಿಂದ ಫ್ಯೂಸ್ ಕಿತ್ತು ಕೆಳಗಿನವನು ಜೇಬಿಗೆ ಹಾಕಿಕೊಳ್ಳಬೇಕು. ಮೇಲಿನವನು ನೆಲಕ್ಕೆ ಕಾಲಿಟ್ಟು “ಇಳಿದೆ” ಅಂದ ಮೇಲಷ್ಟೇ ತಿರುಗಿ ಹಾಕಬೇಕು. ಆ ಸಂಜೆ, ಹದಿನಾಲ್ಕನೆಯ ಕಂಬದಲ್ಲಿ, ಭಾವನ ಕಿವಿಯಲ್ಲಿ ಹದಿಮೂರನೆಯ ಕಂಬದ “ಇಳಿದೆ” ಇನ್ನೂ ಉಳಿದಿತ್ತು. ಫ್ಯೂಸ್ ಹಾಕಿಬಿಟ್ಟ.

ಕೊಕ್ಕರೆಯ ಕೈಯಲ್ಲಿದ್ದ ದೀಪ ಚಟ್ಟೆಂದು ಹತ್ತಿತು. ಕೈಗವಸು ಇತ್ತು, ಬದುಕಿದ. ಇಳಿದು ಬಂದಾಗ ಭಾವ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ತನ್ನ ಕೈಯನ್ನೇ ನೋಡುತ್ತಿದ್ದ.

ಭಾವನ ಬಾಡಿಗೆ ಮನೆಯಲ್ಲಿ ಕೊಕ್ಕರೆ ಕಾಗದ ಬಿಚ್ಚಿ, “ಅಕ್ಕಾ, ನಾನು ಹೊಸಬರನ್ನ ಕೇಳ್ತೀನಿ,” ಎಂದ.

“ನಿನ್ನ ಬುದ್ಧಿ ಮಣ್ಣು ತಿಂತಾ? ಒಡಹುಟ್ಟಿದೋಳ ಹೊಟ್ಟೆ ಮೇಲೆ ಹೊಡೀತೀಯಾ? ಇಷ್ಟು ದಿನ ಸಾಕಾಗ್ತಿತ್ತು, ಇವತ್ತೇನು ಬಂತು ರೋಗ?”

ಕೊಕ್ಕರೆ ತಲೆ ತಗ್ಗಿಸಿದ. ಕಾರಣ ಹೇಳಿದರೆ ಭಾವನ ಮರ್ಯಾದೆ ಹೋಗುತ್ತಿತ್ತು. ಬರೆದರೆ ಕೆಲಸವೂ ಹೋಗುತ್ತಿತ್ತು.

“ಅವನನ್ನ ಬೈಬೇಡ ಕಣೆ,” ಎಂದ ಭಾವ, ಗೋಡೆಗೊರಗಿಕೊಂಡೇ. “ಕಂಬದ ಮೇಲೆ ಆಳು ಇದ್ದಾಗ ಫ್ಯೂಸ್ ಹಾಕ್ಬಿಟ್ಟೆ. ನಿದ್ದೆಗಣ್ಣಲ್ಲಿ.”

“ಯಾರಿದ್ರು ಮೇಲೆ?”

ಇರುವವರೇ ಇಬ್ಬರು. ಆದರೂ ಅವಳು ಕೇಳಿದಳು, ಆದರೂ ಭಾವ ಹೇಳಿದ: “ನಿನ್ನ ತಮ್ಮ.”

ಅಕ್ಕ ತಮ್ಮನ ಎರಡೂ ಕೈ ಹಿಡಿದು, ಮಗುವಿನದನ್ನು ನೋಡುವಂತೆ, ಹಿಂದೆ ಮುಂದೆ ತಿರುಗಿಸಿ ನೋಡಿದಳು. ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಕಾಗದವನ್ನು ಅವನ ಮುಂದೆ ತಳ್ಳಿದಳು.

“ಕಾರಣಕ್ಕೆ ಏನ್ ಬರೀತೀಯ?”

“ದಿನಕ್ಕೆ ಹದಿನಾರು ಗಂಟೆ ಕೆಲಸ, ಅಂತ. ಅಷ್ಟೇ. ಅದು ಸುಳ್ಳಲ್ಲವಲ್ಲ.”

“ಎಷ್ಟು ಜನ ಬೇಕು ಅಂತ?”

“ಇಬ್ಬರು.”

“ಆರು ಅಂತ ಬರಿ ದಡ್ಡ. ಕೇಳಿದ್ರಲ್ಲಿ ಅರ್ಧಾನೂ ಕೊಡೋರಲ್ಲ ಅವರು.”

ಚಾವಣಿಯ ಮಾತು ಆಡಲು ಭಾವ ಬಾಯಿ ತೆರೆದ. ಬಂದದ್ದು ಆಕಳಿಕೆ.