ಕುರಿಗಳು ಒಪ್ಪಲ್ಲ

ಅದೇ ಟ್ಯೂನು, ಹಿಂದಿನ ಸೀಟಿನಲ್ಲಿ ಯಾರದೋ, ಮೊದಲು ಸಣ್ಣಗೆ ಗಂಟೆ ಬಡಿದ ಹಾಗೆ, ಆಮೇಲೆ ನೀರು ತೊಟ್ಟಿಕ್ಕಿದ ಹಾಗೆ ಇಳಿಯುವ ಸ್ವರಗಳು — ಮುಂದೆ ನಿಂತವನ ಕೈ ಪ್ಯಾಂಟಿನ ಜೇಬಿಗೆ, ಹೂವಿನ ಬುಟ್ಟಿಯವಳದು ಸೊಂಟಕ್ಕೆ, ಕಂಡಕ್ಟರನದು ಎದೆಗೆ, ಬಸ್ಸಿನ ತಲೆಗಳೆಲ್ಲ ಒಮ್ಮೆಗೇ ಮೇಲೆದ್ದು, ತಮ್ಮದಲ್ಲ ಎಂದು ಗೊತ್ತಾಗಿ ಒಂದೊಂದಾಗಿ ತಗ್ಗಿದವು, ಪಕ್ಕದಲ್ಲಿ ಮಾವ ಮಾತ್ರ ಕತ್ತು ಇಳಿಸಲಿಲ್ಲ, ಕೇಳಿದ್ಯೇನವ್ವಾ ರಂಜಿತಾ, ನೀಲಿ ಕಂಪನೀದು, ಆ ಅಂಗಡಿಯವ್ನು ಈ ಟ್ಯೂನೇ ಈಗ ಬರಲ್ಲ ಅಂದ, ನೋಡು ಬಂತು — ಅದು ಹಳೇ ಫೋನಿರ್ಬೇಕು ಮಾವ, ಹೊಸದ್ರಲ್ಲಿ ತೆಗೆದುಬಿಟ್ಟವ್ರೆ — ಚೆನ್ನಾಗಿರಾದ್ನ ತೆಗೆಯಾಕೆ ಏನು ರೋಗ ಅವ್ರಿಗೆ. ಏನು ರೋಗವೋ ನನಗೂ ಗೊತ್ತಿಲ್ಲ, ಎಂ.ಕಾಂ.ನಲ್ಲಿ ನಾನು ಪ್ರಬಂಧ ಬರೆದದ್ದು ಇದರ ಮೇಲೆಯೇ, ಜನ ಒಂದು ಕಂಪನಿಯ ಫೋನು ಬಿಟ್ಟು ಇನ್ನೊಂದಕ್ಕೆ ಯಾಕೆ ಹೋಗುತ್ತಾರೆ, ಯಾಕೆ ಹೋಗುವುದಿಲ್ಲ, ಆದರೆ ಕಂಪನಿಯೇ ತನ್ನ ದನಿಯನ್ನು ಬಿಟ್ಟರೆ ಜನ ಏನು ಮಾಡುತ್ತಾರೆ ಎಂದು ಯಾರೂ ಕೇಳಿಕೊಂಡು ಬಾ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಈಗ ಹೊಸದುರ್ಗದಿಂದ ಮಾವನ ಹಟ್ಟಿಗೆ ಹೋಗುವ ಬಸ್ಸಿನಲ್ಲಿ ಹಸಿರು ಕಂಪನಿಯ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೇನೆ, ಮಾವನ ಜೇಬಿನಲ್ಲಿ ಟಗರು ತುಳಿದ ಹಳೆಯ ನೀಲಿ ಫೋನು, ಕಂಪನಿಗಳ ಹೆಸರು ಅವರಿಗೆ ಬೇಡ, ಅಂಗಡಿ ಬೋರ್ಡಿನ ಬಣ್ಣ ಸಾಕು, ನೀಲಿ ಬಿಟ್ಟು ಬೇರೆ ಬಣ್ಣ ಮುಟ್ಟಿದ್ದು ಇದೇ ಮೊದಲು, ಅದಕ್ಕೇ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟಿದ್ದಾರೆ, ಬೇರೆಯವರ ಕೂಸಿನ ಹಾಗೆ.

ಕಾರಣ ಐದೇ ಕಣಮ್ಮ, ಅನ್ನುತ್ತಿದ್ದರು ಪ್ರಬಂಧ ಬರೆಸಿದ ಶಿವಕುಮಾರಪ್ಪ ಸರ್, ಬೆಲೆ, ಬಾಳಿಕೆ, ಹೆಸರು, ರಿಪೇರಿ, ಸ್ನೇಹಿತರ ಮಾತು, ಉಳಿದದ್ದೆಲ್ಲ ಇತರೆ, ಇತರೆ ಜಾಸ್ತಿ ಬಂತು ಅಂದ್ರೆ ನೀನು ಸರಿಯಾಗಿ ಕೇಳಿಲ್ಲ ಅಂತ ಅರ್ಥ. ನಾನು ಸರಿಯಾಗಿಯೇ ಕೇಳಿದ್ದೆ, ಹಿರಿಯೂರಿನಲ್ಲಿ ಬಜ್ಜಿ ಕರಿಯುತ್ತಿದ್ದ ಉಚ್ಚಂಗಮ್ಮ ಬಾಣಲೆಯಿಂದ ಕಣ್ಣು ಎತ್ತದೆ ಹೇಳಿದಳು, ಮೊದಲಿಂದು ಎಣ್ಣೆ ಕೈಯಾಗೆ ಜಾರ್ತಿತ್ತು ತಾಯಿ, ಇದರ ಬೆನ್ನು ಒರಟು ಐತೆ, ನಮ್ಮ ಯಜಮಾನ್ರಂಗೆ, ಹಿಡಿದ್ರೆ ನಿಲ್ತೈತೆ, ಅಂದು ತಾನೇ ನಕ್ಕಳು. ಹೊಳಲ್ಕೆರೆಯ ಆಟೋ ನಿಲ್ದಾಣದಲ್ಲಿ ಎಲ್ಲರ ಕೈಯಲ್ಲೂ ಒಂದೇ ಕಂಪನಿ, ಭಾರಿ ನಿಷ್ಠೆ ಎಂದೆ, ಒಬ್ಬ ಡ್ರೈವರ್ ನಕ್ಕ, ನಿಷ್ಠೆ ಗಿಷ್ಠೆ ಏನಿಲ್ಲ ಮೇಡಂ, ಟೀ ಅಂಗಡಿಯಾಗೆ ಇರೋದು ಒಂದೇ ವೈರು, ನಾನೊಬ್ನೇ ಬೇರೆ ತಗಂಡು ಎಲ್ಲಿ ಚಾರ್ಜ್ ಹಾಕ್ಲಿ. ಎರಡಕ್ಕೂ ಇತರೆ. ಆಮೇಲೆ ಚಿತ್ರದುರ್ಗದ ಬಸ್ ನಿಲ್ದಾಣ, ಬೆಟ್ಟದ ಮೇಲಿನ ಗಾಳಿಯಂತ್ರಗಳನ್ನು ರಿಪೇರಿ ಮಾಡುವ ಕಂಪನಿಯ ಬೂದು ಬಟ್ಟೆ ತೊಟ್ಟವನೊಬ್ಬ, ತೋಳಿನಲ್ಲಿ ಗ್ರೀಸು, ಹೆಸರು ದಯಾನಂದ, ಈಚೆಗೆ ಫೋನಿನ ಕಂಪನಿ ಬದಲಾಯಿಸಿದ್ದೀರಾ, ಇಲ್ಲ, ಕಾರಣ, ನಮ್ಮಪ್ಪನ ಕುರಿಗಳು ಒಪ್ಪಲ್ಲ ಕಣ್ರಿ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ತಮಾಷೆ ಅಲ್ಲರಿ, ನಾನು ಬಳಸಿದ ಫೋನು ಆಮೇಲೆ ಅಪ್ಪಂಗೆ ಹೋಗ್ತೈತೆ, ಕುರಿಗೆ ಅದರ ಟ್ಯೂನು ಗೊತ್ತು, ಬೇಕಾದ್ರೆ ಬಂದು ನೋಡ್ರಿ. ಇತರೆ ಎಂದು ಗುರುತು ಹಾಕಿದೆ, ನೋಡಲು ಹೋದದ್ದು ಅವನನ್ನು ಮದುವೆಯಾದ ಮೇಲೆ.

ಹಟ್ಟಿಯ ಆಚೆ ಕುರಿ ಮೇಯುವ ಕಾವಲಿನಲ್ಲಿ ಸಂಜೆ, ಜಾಲಿ ಮರದ ಹಿಂದೆ ನನ್ನನ್ನು ನಿಲ್ಲಿಸಿ ದಯಾ ತನ್ನ ಫೋನಿನಿಂದ ಮಾವನಿಗೆ ರಿಂಗ್ ಕೊಟ್ಟ, ನೋಡು ಈಗ, ಉಸಿರು ಬಿಡಬ್ಯಾಡ — ದೂರದಲ್ಲಿ ಮಾವನ ಅಂಗಿಯ ಜೇಬಿನಲ್ಲಿ ಗಂಟೆ, ತೊಟ್ಟಿಕ್ಕುವ ಸ್ವರ, ಗಾಳಿ ಅರ್ಧ ನುಂಗಿ ಅರ್ಧ ಕೊಟ್ಟಿತು, ಮಾವ ಫೋನು ಕಿವಿಗಿಟ್ಟರು, ಹುಲ್ಲಿನಲ್ಲಿ ಹುದುಗಿದ್ದ ಮೂತಿಗಳೆಲ್ಲ ಒಮ್ಮೆಗೇ ಮೇಲೆದ್ದವು, ಬಿಳಿ, ಕರಿ, ಕಂದು, ಬಾಯಲ್ಲಿ ಅರ್ಧ ಕಡಿದ ಹುಲ್ಲು, ಒಂದೂ ಅಲುಗದೆ, ಒಂದೇ ಕಡೆ ನೋಡುತ್ತ. ಹೂಂ, ಇಳಿದೆ ಕಣಪ್ಪ, ಇಲ್ಲೇ ಜಾಲಿ ಹಿಂದೆ ಇದೀನಿ, ಅಂದು ದಯಾ ನಕ್ಕು ಫೋನು ಇಟ್ಟ, ಮಾತು ಮುಗಿಯುವ ತನಕ ಕುರಿಗಳು ಹಾಗೇ ನಿಂತಿದ್ದು ಆಮೇಲೆ ತಾವಾಗಿ ಹಟ್ಟಿಯ ಕಡೆ ತಿರುಗಿದವು, ಕೂಗುವುದು ಬೇಡ, ಕೋಲು ಬೇಡ. ಹೇಗೆ, ಅಂದೆ. ದಿನಾ ಕೆಲಸ ಮುಗಿಸಿ ಫೋನು ಮಾಡ್ತೀನಲ್ಲ, ಅಪ್ಪ ಫೋನಿಟ್ಟ ಮೇಲೆ ಹಿಂಡು ತಿರುಗಿಸ್ತಾನೆ, ಬರ್ತಾ ಬರ್ತಾ ಇವೂ ಕಲ್ತವೆ, ಈಗ ಹೇಳು, ನಿನ್ನ ಐದು ಕಾರಣದಾಗೆ ಯಾವುದು ಇದು. ಯಾವುದೂ ಅಲ್ಲ. ಆ ರಾತ್ರಿಯಿಡೀ ಅದನ್ನೇ ಯೋಚಿಸಿದೆ, ಕುರಿಯ ಕಿವಿಗೆ ಒಂದು ಕಂಪನಿ ಇನ್ನೊಂದರಿಂದ ಬೇರೆ ಅನ್ನಿಸುವುದು ಎಲ್ಲಿ, ಗಂಟೆಯಲ್ಲೋ, ತೊಟ್ಟಿಕ್ಕುವುದರಲ್ಲೋ.

ದಯಾನಿಗೆ ಜ್ವರ ಬಂತು, ಸಾಧಾರಣ ಜ್ವರ ಎಂದರು, ಅಲ್ಲ. ಅಷ್ಟೇ ಬರೆಯಬಲ್ಲೆ, ಅಷ್ಟೇ ಆದದ್ದು. ಆಮೇಲೆ ಜನ ಬಂದರು, ಹೋದರು, ನನ್ನ ಕೈಗೆ ಲೋಟ ಕೊಟ್ಟರು, ಲೋಟ ಬಿಸಿಯೋ ತಣ್ಣಗೋ ಗೊತ್ತಾಗಲಿಲ್ಲ, ಈಗಲೂ ಚಿತ್ರದುರ್ಗದ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಮಾತು ಸರಿಯಾಗಿಯೇ ಬರುತ್ತದೆ, ಯಾರು ಆಡುತ್ತಿದ್ದಾರೆ ಎಂದು ಒಮ್ಮೊಮ್ಮೆ ತಿರುಗಿ ನೋಡಬೇಕೆನಿಸುತ್ತದೆ. ನನ್ನದೂ ನೀಲಿ ಕಂಪನಿಯ ಫೋನೇ ಇತ್ತು, ಅವನೇ ಕೊಡಿಸಿದ್ದು, ಅದು ರಿಂಗಾದಾಗ ಕೈ ನಡುಗಿದ್ದರೆ ಇಟ್ಟುಕೊಳ್ಳುತ್ತಿದ್ದೆನೇನೋ, ನಡುಗಲಿಲ್ಲ, ಕೊಟ್ಟುಬಿಟ್ಟು ಬೇರೆ ಕಂಪನಿಯದು ತೆಗೆದುಕೊಂಡೆ, ಬೆಲೆಗಲ್ಲ, ಬಾಳಿಕೆಗಲ್ಲ, ಯಾವ ಸ್ನೇಹಿತರೂ ಹೇಳಲಿಲ್ಲ. ಹಟ್ಟಿಯಲ್ಲಿ ಅವನು ಹೋದ ಮೊದಲ ದಿನಗಳಲ್ಲಿ ಕುರಿಗಳು ಕತ್ತಲಾದರೂ ತಿರುಗಲಿಲ್ಲವಂತೆ, ಆಮೇಲೆ ಅತ್ತೆ ಗಂಗಕ್ಕ ಆ ಹೊತ್ತಿಗೆ ಮನೆಯಿಂದ ತಾವೇ ರಿಂಗ್ ಕೊಡತೊಡಗಿದರು, ತಿರುಗಿದವಂತೆ. ಏನು ಮಾತಾಡ್ತೀರಿ ಅತ್ತೆ ದಿನಾ, ಎಂದು ಒಮ್ಮೆ ಕೇಳಿದ್ದೆ. ಮಾತೇನೈತೆ, ರಿಂಗ್ ಕೊಡ್ತೀನಿ, ಎತ್ತಿ ಕಿವಿಗಿಡ್ತಾನೆ, ನಾನು ಇಟ್ಬಿಡ್ತೀನಿ, ಅಂದು ಎದ್ದು ಒಲೆಯ ಹತ್ತಿರ ಹೋಗಿ, ಉರಿಯುತ್ತಿದ್ದ ಒಲೆಯನ್ನೇ ಊದಿದರು. ಈಗ ಟಗರು ಫೋನನ್ನು ತುಳಿದ ಮೇಲೆ ಮತ್ತೆ ಅದೇ ಕತೆ, ಮಾವ ಹೋಯ್ ಎಂದು ಕೂಗಿದರೂ ಹಿಂಡು ಕಾವಲಿನ ಆಚೆಯ ಕುರುಚಲಿಗೆ ನುಗ್ಗುತ್ತದೆ, ಮೊಣಕಾಲು ಓಡಲು ಒಪ್ಪುವುದಿಲ್ಲ, ಮೊನ್ನೆ ಒಂದು ಮರಿಯನ್ನು ತೋಳ ಹೊತ್ತೊಯ್ದಿತು. ನಾನು ರಜೆಗೆಂದು ಬಂದೊಡನೆ ಮಾವ ಹೇಳಿದರು, ನಡಿಯವ್ವಾ ಹೊಸದುರ್ಗಕ್ಕೆ ಹೋಗಾಣ, ಅದೇ ಕಂಪನೀದು ತರಾಣ, ಟ್ಯೂನಿಗೆ ಬಂದ್ವಾ ಸರಿ, ಬರ್ಲಿಲ್ವಾ ಎಲ್ಲಾ ಮಾರಿಬಿಡಾಣ, ನಂಗೂ ಸಾಕಾಗೈತೆ. ದಯಾ ನಡೆಯಲು ಕಲಿತದ್ದು ಆ ಹಿಂಡಿನ ನಡುವೆ, ನನಗೆ ಎಷ್ಟೋ ತಿಂಗಳ ಮೇಲೆ ಒಂದು ವಿಷಯ ತಿಳಿಯಬೇಕು ಅನ್ನಿಸಿತು, ನಿಜವಾಗಿ ಅವು ಯಾವುದಕ್ಕೆ ತಲೆ ಎತ್ತುತ್ತವೆ.

ಅಂಗಡಿಯ ಮಲ್ಲೇಶ್ ನೀಲಿ ಕಂಪನಿಯ ಹೊಸ ಫೋನುಗಳನ್ನು ಒಂದೊಂದಾಗಿ ರಿಂಗ್ ಮಾಡಿ ತೋರಿಸಿದ, ಒಂದರಲ್ಲಿ ಕೊಳಲು, ಒಂದರಲ್ಲಿ ಡೋಲು, ಮಾವ ತಲೆಯಾಡಿಸುತ್ತಲೇ ಇದ್ದರು, ಇದಲ್ಲ, ಇದೂ ಅಲ್ಲ, ಇದು ಮದುವೆ ಮನೇದು. ಏನಜ್ಜಾ, ಫೋನು ತಗಳಾದು ನೀನೋ ನಿನ್ನ ಕುರಿಯೋ — ಕುರಿಯೇ ಕಣಪ್ಪ, ನಂಗೆ ಯಾವುದಾದ್ರೂ ನಡೀತೈತೆ. ಅಂಗಡಿಯಲ್ಲಿದ್ದವರು ನಕ್ಕರು, ಮಾವ ನಗಲಿಲ್ಲ, ನಾನು ಹಳೆಯ ಫೋನನ್ನು ಚಾರ್ಜಿಗೆ ಹಾಕಿಸಿದೆ, ಗಾಜು ಪುಡಿಯಾಗಿತ್ತು, ಬೆಳಕು ಬರಲಿಲ್ಲ, ಮುಟ್ಟಿದರೆ ಕರೆ ಎತ್ತಿಕೊಳ್ಳುತ್ತಿರಲಿಲ್ಲ, ರಿಂಗ್ ಕೊಟ್ಟರೆ ದನಿ ಮಾತ್ರ ಬಂತು, ಎಲ್ಲರೂ ಸುಮ್ಮನಿರ್ರಿ ಸ್ವಲ್ಪ, ಅಂದು ನನ್ನ ಫೋನಿನಲ್ಲಿ ಆ ಟ್ಯೂನನ್ನು ಹಿಡಿದುಕೊಂಡೆ, ಅಂಗಡಿ ಸುಮ್ಮನಾಯಿತು, ಬೀದಿ ಸುಮ್ಮನಾಗಲಿಲ್ಲ, ಸ್ವರಗಳ ಕೊನೆಗೆ ಸರಿಯಾಗಿ ಹೊಳಲ್ಕೆರೆ ಹೊಳಲ್ಕೆರೆ ಎಂದು ಯಾವನೋ ಕಂಡಕ್ಟರ್ ಕೂಗಿದ್ದೂ ಸೇರಿಕೊಂಡಿತು. ಇದನ್ನ ಯಾವ ಫೋನಿಗೆ ಬೇಕಾದ್ರೂ ಹಾಕಬಹುದು ಮಾವ, ಹಸಿರಿನದು ಬ್ಯಾಟರಿ ಹೆಚ್ಚು ಹೊತ್ತು ಬರುತ್ತೆ, ಅಂದೆ. ಆ ಕಂಪನಿ ಟ್ಯೂನು ಈ ಕಂಪನಿಯಾಗೆ ಹೆಂಗೆ ಹಾಡ್ತೈತವ್ವಾ. ಹಾಡಿತು. ಕಿವಿಗೊಟ್ಟು ಕೇಳಿದರು, ಹೊಳಲ್ಕೆರೆ ಬಂದಾಗ ಬೆಚ್ಚಿದರು, ಬಸ್ಸಿಗೆ ಹೋಗಂಗೆ ಆಗ್ತಾವೆ ಕಣವ್ವಾ ನನ್ನ ಕುರಿ ಇನ್ನ.

ಬಸ್ಸು ಇಳಿದದ್ದು, ಅತ್ತೆ ಕೊಟ್ಟ ನೀರು ಕುಡಿದದ್ದು, ಇವತ್ತು ನೀನೇ ರಿಂಗ್ ಕೊಡವ್ವಾ, ನಾನು ಕೊಡಲ್ಲ, ಎಂದು ಅತ್ತೆ ನನ್ನ ಮುಖ ನೋಡದೆ ಹೇಳಿದ್ದು, ಆಗಲೇ ಎಲ್ಲ ಹಿಂದಾಯಿತು, ಜಾಲಿ ಮರದ ಹಿಂದೆ ನಿಂತಿದ್ದೇನೆ, ಅವತ್ತು ಅವನು ನಿಂತ ಜಾಗ, ಆಚೆ ಬೆಟ್ಟದ ಸಾಲಿನ ಮೇಲೆ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುತ್ತಿವೆ, ಬಿಸಿಲು ಕೆಂಪಾಗಿದೆ, ಮಾವನ ನಂಬರು ಒತ್ತುತ್ತೇನೆ — ಅಲ್ಲಿ ಗಂಟೆ, ತೊಟ್ಟಿಕ್ಕುವ ಸ್ವರ, ಹೊಳಲ್ಕೆರೆ ಹೊಳಲ್ಕೆರೆ, ಮಾವ ಫೋನನ್ನು ಜೇಬಿನಿಂದ ತೆಗೆದು ಹಿಂಡಿನ ಕಡೆ ಚಾಚಿ ಹಿಡಿದಿದ್ದಾರೆ, ಮೇವು ತೋರಿಸುವ ಹಾಗೆ, ಮತ್ತೆ ಗಂಟೆ, ಮತ್ತೆ ಹೊಳಲ್ಕೆರೆ, ಒಂದು ಕುರಿಯೂ ತಲೆ ಎತ್ತುವುದಿಲ್ಲ, ಮೇಯುತ್ತಿವೆ, ಮೂತಿಗಳು ಹುಲ್ಲಿನಲ್ಲೇ. ಹಾಗಾದರೆ ದನಿ ಬೇರೆಯಾಯಿತೇ, ಸ್ಪೀಕರೇ ಬೇರೆಯೇ, ಕಂಡಕ್ಟರನೇ ಕೆಡಿಸಿದನೇ, ಇಲ್ಲ ಕುರಿಗಳಿಗೆ ಕಂಪನಿ ನಿಜವಾಗಿ ಗೊತ್ತೇ, ಕಟ್ ಮಾಡಬೇಕು, ಅಷ್ಟರಲ್ಲಿ ಮಾವ ಚಾಚಿದ ಕೈ ಇಳಿಸಿ, ಸೋತವರ ಹಾಗೆ, ರೂಢಿಯಂತೆ ಫೋನನ್ನು ಕಿವಿಗಿಟ್ಟರು, ಏನಪ್ಪಾ ದಯಾ, ಇಳಿದ್ಯಾ ಬೆಟ್ಟ.

ಆ ಮಾತು ಕಿವಿಯಲ್ಲಿ ಒಮ್ಮೆ, ಗಾಳಿಯಲ್ಲಿ ಇನ್ನೊಮ್ಮೆ. ತಲೆಗಳೆಲ್ಲ ಮೇಲೆದ್ದವು. ಬಿಳಿ, ಕರಿ, ಕಂದು, ಬಾಯಲ್ಲಿ ಅರ್ಧ ಕಡಿದ ಹುಲ್ಲು. ಗಂಟೆಗಲ್ಲ, ತೊಟ್ಟಿಕ್ಕುವುದಕ್ಕಲ್ಲ, ನೀಲಿಗೂ ಅಲ್ಲ ಹಸಿರಿಗೂ ಅಲ್ಲ, ಆ ಪ್ರಶ್ನೆಗೆ — ಅತ್ತೆ ಇದನ್ನೇ ಕೇಳಿಸಿಕೊಂಡು ಸಂಜೆ ಸಂಜೆ ಫೋನು ಇಟ್ಟುಬಿಡುತ್ತಿದ್ದರೇ, ಅವತ್ತು ಹೂಂ ಇಳಿದೆ ಕಣಪ್ಪ ಎಂದು ಅವನು ನಕ್ಕಾಗ ಅದು ಯಾವ ಪ್ರಶ್ನೆಗೆ ಉತ್ತರ ಎಂದು ನಾನು ಕೇಳಲೇ ಇಲ್ಲ, ಕುರಿಗಳನ್ನೇ ನೋಡುತ್ತಿದ್ದೆ — ನೋಡಿದ್ಯೇನವ್ವಾ, ಮಾವ ಫೋನು ಕಿವಿಯಲ್ಲೇ ಇಟ್ಟುಕೊಂಡು ಜಾಲಿಯ ಕಡೆ ತಿರುಗಿ ಕೂಗುತ್ತಿದ್ದಾರೆ, ಟ್ಯೂನು ಹಿಡಿದ್ವು, ನಿನ್ನ ಹಸಿರು ಕಂಪನೀನೂ ಒಪ್ಪಿದ್ವು, ಮಾರಾದು ಬ್ಯಾಡ ಬಿಡು — ತಾವು ಏನು ಅಂದೆವೆಂದು ಅವರಿಗೆ ತಿಳಿದಿಲ್ಲ, ಹೇಳಬೇಕೇ, ಹೇಳಿದರೆ ನಾಳೆ ಮತ್ತೆ ಹಾಗೆ ಅನ್ನುತ್ತಾರೆಯೇ, ನನ್ನ ಫೋನು ನನ್ನ ಕೈಯಲ್ಲಿ ನಡುಗುತ್ತಿದೆ, ರಿಂಗಾಗುತ್ತಿಲ್ಲ, ಸುಮ್ಮನೆ ನಡುಗುತ್ತಿದೆ, ಮಾತು ಮುಗಿಯುವ ತನಕ ಅವು ತಿರುಗುವುದಿಲ್ಲ, ಇನ್ನೂ ಮೇವಿಗೆ ಬಗ್ಗಿಲ್ಲ, ಇನ್ನೂ ಹೊರಟಿಲ್ಲ, ಹೂಂ ಎನ್ನಬೇಕು, ಇಳಿದೆ ಎನ್ನಬೇಕು, ಯಾರಾದರೂ — ತಲೆ ಎತ್ತಿದ ಕುರಿಗಳು, ಒಂದೂ ಅಲುಗದೆ, ತಲೆ ಎತ್ತಿದ ಕುರಿಗಳು