ದಕ್ಷಿಣಕ್ಕೆ ಹೋಗದ ಬೆಸುಗೆ

ನನ್ನ ಭಾವ ಲಕ್ಷ್ಮೀಕಾಂತನಿಗೆ ತಲೆ ಇದೆ. ಅದನ್ನು ಕಂಡಕಂಡವರಿಗೆ ಬಾಡಿಗೆಗೆ ಕೊಡುತ್ತಾನೆ, ಅಷ್ಟೇ.

2006ನೇ ಇಸವಿ. ಚಿತ್ರದುರ್ಗದಲ್ಲಿ ನಾವಿಬ್ಬರೂ ಸೇರಿ ನಡೆಸುತ್ತಿದ್ದ ವರ್ಕ್‌ಶಾಪು ಮುಚ್ಚುವ ಹಂತಕ್ಕೆ ಬಂದಿತ್ತು. ಶೆಡ್ಡು ನನ್ನದು, ಲೋಹ ಕೊರೆಯುವ ಮಿಲ್ಲಿಂಗ್ ಮಷೀನು ಅವನದು. ಆಗ ಹಿರಿಯೂರು ಕಡೆಯ ಒಂದು ಕರೆಂಟಿನ ಪ್ಯಾನಲ್ ಬೋರ್ಡ್ ಕಾರ್ಖಾನೆ ಅಲ್ಯೂಮಿನಿಯಂ ಪಟ್ಟಿಗೆ ತಾಮ್ರದ ಪಟ್ಟಿ ಬೆಸೆದುಕೊಡುವವರನ್ನು ಹುಡುಕುತ್ತಿತ್ತು. ನಮ್ಮ ಒಂದು ತುಂಡು ಅವರ ಪರೀಕ್ಷೆಯಲ್ಲಿ ಪಾಸಾದರೆ ವರ್ಷವಿಡೀ ಕೆಲಸ. ಇಲ್ಲದಿದ್ದರೆ ಶಾಪು ಮುಚ್ಚಿದ ಹಾಗೆಯೇ.

ಈ ಎರಡು ಲೋಹಗಳನ್ನು ಕರಗಿಸಿ ಬೆಸೆದರೆ ಬೆಸುಗೆ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುವ ಶಾಲಿನಿ ಮೇಡಂ ಬೇರೆ ದಾರಿ ತೋರಿಸಿದರು. ಮಿಲ್ಲಿಂಗ್ ಮಷೀನಿಗೆ ಗಟ್ಟಿ ಉಕ್ಕಿನ ಮೊಂಡು ಪಿನ್ನು ಹಾಕಿ, ಎರಡು ಪಟ್ಟಿ ಕೂಡುವ ಜಾಗಕ್ಕೆ ಒತ್ತಿ, ಗಿರಗಿರ ತಿರುಗಿಸುತ್ತ ಮುಂದಕ್ಕೆ ಒಯ್ಯುವುದು. ಉಜ್ಜಾಟದ ಬಿಸಿಗೆ ಲೋಹ ಕರಗುವುದಿಲ್ಲ, ಮೆತ್ತಗಾಗುತ್ತದೆ. ಪಿನ್ನು ಮುದ್ದೆ ಕೋಲಿನಂತೆ ಎರಡನ್ನೂ ತೊಳಸಿ ಒಂದು ಮಾಡುತ್ತದೆ.

"ಪಿನ್ನು ತಿರುಗ್ತಾ ಯಾವ ಮಗ್ಗುಲು ಮುಂದಕ್ಕೆ ನುಗ್ತದೋ ಆ ಮಗ್ಗುಲಿಗೇ ತಾಮ್ರ ಇರ್ಬೇಕು. ಅದಲುಬದಲಾದ್ರೆ ಒಳಗೆ ಪೊಳ್ಳು ಬೀಳ್ತದೆ" ಎಂದರು ಮೇಡಂ.

ಹಾಗೇ ಮಾಡಿದೆವು. ಆ ತುಂಡನ್ನು ವೈಸಿನ ದವಡೆಗೆ ಕಚ್ಚಿಸಿ ಪೂರ್ತಿ ಬಗ್ಗಿಸಿ ನೋಡಿದೆ. ಒಂದು ಬಿರುಕೂ ಇಲ್ಲ. ಪರೀಕ್ಷೆಗೆ ಕೊಡಲು ಅಂಥದ್ದೇ ಇನ್ನೊಂದು ನೆಟ್ಟಗಿನ ತುಂಡು ಮಾಡುವುದಷ್ಟೇ ಬಾಕಿ.

ಅಲ್ಲಿಗೆ ಸುಮ್ಮನಿರಬೇಕಿತ್ತು. ಭಾವ ಹೊಸದುರ್ಗಕ್ಕೆ ಹೋಗಿ ವಾಸ್ತು ಹೇಳುವ ಕಾಟಯ್ಯನನ್ನು ಕರೆತಂದ. ಕಾಟಯ್ಯ ದಿಕ್ಸೂಚಿ ಹಿಡಿದು ಮಷೀನಿನ ಸುತ್ತ ಸುಳಿದಾಡಿ ಹಣೆ ಚಚ್ಚಿಕೊಂಡ.

"ಪಿನ್ನು ದಕ್ಷಿಣಕ್ಕೆ ಹೋಗ್ತೈತಲ್ಲ್ರೀ! ಯಮನ ದಿಕ್ಕು. ಕುಬೇರನ ಕಡೆ ತಿರುಗಿಸ್ರಿ."

ಭಾವ ತಕ್ಷಣ ಪಿನ್ನು ಉತ್ತರಕ್ಕೆ ಸಾಗುವಂತೆ ಮಾಡಿದ. ಪಟ್ಟಿಗಳು ಮಾತ್ರ ಇದ್ದಲ್ಲೇ ಉಳಿದವು, ತಾಮ್ರ ಪೂರ್ವಕ್ಕೆ, ಅಲ್ಯೂಮಿನಿಯಂ ಪಶ್ಚಿಮಕ್ಕೆ. ನಾನು ಮೇಡಂಗೆ ಹೇಳಿಕಳಿಸಿದೆ. ಅವರು ಬಂದು ನೋಡಿ ನಕ್ಕರು.

"ಸರಿ, ಉತ್ತರಕ್ಕೇ ಹೋಗ್ಲಿ. ಹಂಗಾದ್ರೆ ತಾಮ್ರಾನ ಪಶ್ಚಿಮದ ಮಗ್ಗುಲಿಗೆ ಹಾಕ್ರಿ."

"ತಾಮ್ರ ಸೂರ್ಯನ ಲೋಹ ತಾಯಿ" ಎಂದ ಕಾಟಯ್ಯ. "ಪೂರ್ವ ಬಿಟ್ಟು ಕದಲಂಗಿಲ್ಲ."

ಮೇಡಂ ನಗು ನಿಂತಿತು. "ಪಿನ್ನನ್ನಾದ್ರೂ ಉಲ್ಟಾ ಸುತ್ತಿಸ್ರಿ, ಆಗ ತಾಮ್ರದ ಮಗ್ಗುಲೇ ಮುಂದಕ್ಕೆ ನುಗ್ತದೆ!"

"ಅಪ್ರದಕ್ಷಿಣೆನಾ?" ಭಾವ ಎರಡೂ ಕೆನ್ನೆ ಬಡಿದುಕೊಂಡ. "ಬಿಡ್ತು ಅನ್ರಿ ಮೇಡಂ!"

ನನಗೆ ತಡೆಯಲಾಗಲಿಲ್ಲ. "ಭಾವ, ಯಮಂಗೆ ಬ್ಯಾರೆ ಕೆಲಸ ಇಲ್ವಾ? ನಿನ್ನ ಮಷೀನ್ ಕಾಯ್ಕಂಡು ಕುಂತಿರ್ತಾನಾ?"

"ಲೇ ಓಬಳೇಶ, ನಿನ್ನ ಹಾಳು ಬಾಯಿಂದಾನೇ ಶಾಪು ಈ ಗತಿಗೆ ಬಂದಿರೋದು. ಮಷೀನು ನಂದು, ನೀನು ಸುಮ್ನಿರು."

"ಹಂಗಾದ್ರೆ ಬೆಸುಗೆನೂ ಕಾಟಯ್ಯನೋರ ಕೈಲೇ ಮಾಡಿಸ್ರಿ" ಎಂದು ಮೇಡಂ ಗಾಡಿ ಹತ್ತಿ ಹೋದರು.

ಮರುದಿನ ಕಾರ್ಖಾನೆಯ ಇನ್‌ಸ್ಪೆಕ್ಟರ್ ಪರಮೇಶ್ ಬಂದರು. ಉತ್ತರಕ್ಕೆ ಸಾಗಿ ಹುಟ್ಟಿದ ತುಂಡು ಫಳಫಳ ಹೊಳೆಯುತ್ತಿತ್ತು. ಭಾವ ಅದಕ್ಕೆ ಕುಂಕುಮ ಬೇರೆ ಇಟ್ಟಿದ್ದ. ಕಾಟಯ್ಯ ಈಶಾನ್ಯ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ. ಪರಮೇಶ್ ತುಂಡನ್ನು ವೈಸಿಗೆ ಕಚ್ಚಿಸಿ ಸುತ್ತಿಗೆಯಿಂದ ಒಂದೇ ಏಟು ಹಾಕಿದರು. ಟಪ್ ಎಂದು ತಾಮ್ರ ಒಂದು ಕಡೆ, ಅಲ್ಯೂಮಿನಿಯಂ ಒಂದು ಕಡೆ ಬಿದ್ದವು.

"ಇದೇನ್ರಿ ಇದು? ಈ ಕೆಲಸ ನಿಮಗೆ ಆಗಲ್ಲ, ಬಿಡ್ರಿ."

ಸಿಟ್ಟು ನೆತ್ತಿಗೇರಿತ್ತು. ಯಮ, ಕುಬೇರ, ಸೂರ್ಯ, ಅಪ್ರದಕ್ಷಿಣೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಓದಿದ ಮನುಷ್ಯ, ನಕ್ಕು ಇನ್ನೊಂದು ಅವಕಾಶ ಕೊಟ್ಟಾರು ಅಂದುಕೊಂಡಿದ್ದೆ. ಪರಮೇಶ್ ನಗಲಿಲ್ಲ. ಕಾಟಯ್ಯನ ಬಳಿ ಹೋಗಿ ದನಿ ತಗ್ಗಿಸಿದರು.

"ಸ್ವಾಮಿ, ನಮ್ಮ ಕಾರ್ಖಾನೆ ಗೇಟು ನೈರುತ್ಯಕ್ಕೈತೆ. ಒಂದ್ಸಲ ಬಂದು ನೋಡ್ತೀರಾ?"

ಕಾಟಯ್ಯ ಅವರ ಜೀಪಿನ ಮುಂದಿನ ಸೀಟಿನಲ್ಲೇ ಕೂತು ಹೋದ.

ಭಾವ ಕೆಳಗೆ ಬಿದ್ದಿದ್ದ ಎರಡೂ ಪಟ್ಟಿಗಳನ್ನು ಎತ್ತಿ ತಿರುಗಿಸಿ ನೋಡಿದ.

"ನೋಡ್ಲೇ, ಎಷ್ಟು ನೀಟಾಗಿ ಬಿಟ್ಕಂಡೈತೆ. ಕೂಡಿಕೊಂಡಿದ್ದಿದ್ರೆ ಗುಜರಿಯೋನು ತಾಮ್ರದ ರೇಟು ಕೊಡ್ತಿರ್ಲಿಲ್ಲ."

ಆ ವಾರವೇ ಮಷೀನನ್ನೂ ಅದೇ ಗುಜರಿಯವನಿಗೆ ತೂಕಕ್ಕೆ ಹಾಕಿದೆವು.